ಬಾಯಿ ಕಟ್ಟಿದ ಕೈರೇಡಿಯೋ

ನಾಸಿಕದಿಂದ ಆಗ್ರಾ ಹೆದ್ದಾರಿ ಹಿಡಿದು ಸುಮಾರು 20 ಕಿಲೋಮೀಟರು ಬಂದರೆ ಓಝರ್. ದ್ರಾಕ್ಷಿ ತೋಟಗಳ ನಡುವಿನ ಈ ಊರಿಗೂ ಬೆಂಗಳೂರಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟು ವಿಮಾನದ್ದು. 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ತೆರೆದ ಕಾರ್ಖಾನೆಯೇ ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು; ಅದರ ಮಿಗ್ ವಿಭಾಗ 1964ರಲ್ಲಿ ಓಝರಿನಲ್ಲಿ ನೆಲೆಯೂರಿತು. ಮಿಗ್-21ರ ಕಾಲ 2025ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮರುತಿಂಗಳು 17ರಂದು, ಇಲ್ಲಿ ಕಟ್ಟಿದ ಮೊದಲ ತೇಜಸ್ ಮಾರ್ಕ್-1ಎ ಇದೇ ನೆಲದಿಂದ ಮೇಲೆದ್ದಿತು. ಹೀಗಾಗಿ ಓಝರಿನ ಕನ್ನಡ ಮನೆಗಳಲ್ಲಿ ಬೆಳಗಿನ ಕಾಫಿಗೆ ವಿಮಾನದ ಸದ್ದೇ ನಂಜಿಕೆ.

ನಾವು ಈ ಸಲ ಹೇಳಹೊರಟಿರುವುದು ಆ ದೊಡ್ಡ ಹಕ್ಕಿಯ ಕಥೆಯನ್ನಲ್ಲ. ಅಂಗೈಯಲ್ಲಿ ಹಿಡಿಸುವ ಒಂದು ರೇಡಿಯೋ ಸೆಟ್ಟಿನ ಕಥೆಯನ್ನು. ಆದರೆ ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು.

ನಮ್ಮ ದೊಡ್ಡಪ್ಪನವರು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಅವರೂ ಅವರ ತಮ್ಮನ ಮಗನೂ ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆದವರು. ಹ್ಯಾಮ್ ಎಂದರೆ ಲಾಭಕ್ಕಲ್ಲದೆ ಕಲಿಕೆಗೆಂದು, ಆಪತ್ತಿನಲ್ಲಿ ನೆರವಿಗೆಂದು ರೇಡಿಯೋ ನಡೆಸುವ ಹವ್ಯಾಸಿ. 2004ರ ಸುನಾಮಿಯಲ್ಲಿ ಅಂಡಮಾನಿನ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದವರಲ್ಲಿ ಇಂಥ ಹವ್ಯಾಸಿಗಳೂ ಇದ್ದರು. ಮನೆಯ ಹುಡುಗ ಮಳೆಗಾಲದ ಭಾನುವಾರಗಳಲ್ಲಿ ಗೆಳೆಯರೊಡನೆ ರಾಮಶೇಜ್ ಕೋಟೆ ಹತ್ತುವುದುಂಟು. ಆಗ ಅವನ ಕೈಯಲ್ಲೊಂದು ಸೆಟ್ಟು, ಮನೆಯ ತಾರಸಿಯ ಮೇಲೆ ದೊಡ್ಡಪ್ಪನವರ ಕೈಯಲ್ಲೊಂದು ಸೆಟ್ಟು. ದೊಡ್ಡಮ್ಮನಿಗೆ ಅದೇ ಧೈರ್ಯ.

ಅಂಥ ಒಂದು ಭಾನುವಾರಕ್ಕೆ ಮೂರು ದಿನ ಮೊದಲು ಹುಡುಗ ಸೆಟ್ಟಿನ ಫರ್ಮ್‌ವೇರ್ ಬದಲಾಯಿಸಿದ. ಫರ್ಮ್‌ವೇರ್ ಎಂದರೆ ಯಂತ್ರದ ಹೊಟ್ಟೆಯಲ್ಲಿ ಬರೆದಿಟ್ಟ ಆಜ್ಞೆಗಳ ಕಟ್ಟು. ಹವ್ಯಾಸಿಗಳು ಬರೆದು ಹಂಚಿದ ಹೊಸ ಕಟ್ಟಿನಲ್ಲಿ ಸುತ್ತಲಿನ ತರಂಗಗಳನ್ನು ಗೆರೆಗೆರೆಯಾಗಿ ತೋರಿಸುವ ಸೊಗಸಿತ್ತು. ಅರ್ಧ ಕೆಲಸವಾಗಿರುವಾಗ ತಂತಿ ಅಲುಗಿತು. ಪರದೆ ಕಪ್ಪಾಯಿತು. ಗುಂಡಿ ತಿರುಗಿಸಿದರೆ ಉಸಿರಿಲ್ಲ.

“ದೊಡ್ಡಪ್ಪ, ಸೆಟ್ಟು ಸತ್ತೇ ಹೋಯಿತು” ಎಂದು ಹುಡುಗ ಮುಖ ಸಣ್ಣದು ಮಾಡಿಕೊಂಡು ಬಂದ.

“ಸತ್ತಿದೆ ಅಂತ ಹೇಳೋಕೆ ಮುಂಚೆ ನಾಡಿ ನೋಡಿದೆಯೇನೋ? ಒಂದು ಕಾಗದ ತೆಗೆದುಕೋ. ಏನು ಮಾಡಿದೆ ಅನ್ನೋದನ್ನ ಸಾಲಾಗಿ ಬರಿ. ಒಂದು ಸಲಕ್ಕೆ ಒಂದೇ ಬದಲಾವಣೆ.”

ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜು ಮಾಡಿದ್ದಾಯಿತು. ಆಮೇಲೆ ತಂತಿ. ಅದರ ಎರಡು ಮೊಳೆಗಳ ಪ್ಲಗ್ಗು ಒಳಗೆ ಹೋದಂತೆ ಕಂಡರೂ ಕೂದಲೆಳೆಯಷ್ಟು ಹೊರಗೇ ನಿಂತಿತ್ತು; ಅಂಚಿನ ಪ್ಲಾಸ್ಟಿಕ್ ತಡೆಯುತ್ತಿತ್ತು. ಗಟ್ಟಿಯಾಗಿ ಒತ್ತಿದಾಗ ‘ಟಕ್’ ಎಂದಿತು. ಇಂಥ ಅನೇಕ ಸೆಟ್ಟುಗಳಲ್ಲಿ ಹೊಸ ಆಜ್ಞೆಗಳನ್ನು ಬರಮಾಡಿಕೊಳ್ಳುವ ಪುಟ್ಟ ಭಾಗ ಬೇರೆಯಾಗಿಯೇ ಇರುತ್ತದೆ. ಮಿಕ್ಕ ಬರಹ ಅರ್ಧಕ್ಕೆ ನಿಂತರೂ ಅದು ಅಳಿಯುವುದಿಲ್ಲ. ನಮ್ಮ ಸೆಟ್ಟಿನಲ್ಲಿ ಮಾತಿನ ಗುಂಡಿಯನ್ನು ಒತ್ತಿಹಿಡಿದು ಚಾಲೂ ಮಾಡಿದರೆ ಆ ಭಾಗ ಎಚ್ಚರಗೊಳ್ಳುತ್ತದೆ. ಹಾಗೆ ಮಾಡಿದಾಗ ಪರದೆ ಕಪ್ಪಾಗಿಯೇ ಇತ್ತು, ಆದರೆ ನೆತ್ತಿಯ ಟಾರ್ಚ್ ದೀಪ ಹೊತ್ತಿಕೊಂಡಿತು. ಸೆಟ್ಟು ಸತ್ತಿರಲಿಲ್ಲ, ಬಾಯಿ ತೆರೆದು ಕಾಯುತ್ತಿತ್ತು! ಎರಡನೆಯ ಸಲ ಬರಹ ಪೂರ್ತಿ ಇಳಿಯಿತು, ಪರದೆ ಬೆಳಗಿತು.

ಇಲ್ಲಿಗೆ ಕಥೆ ಮುಗಿಯಿತೆಂದು ನಾವೂ ಕಾಫಿಗೆ ಎದ್ದೆವು. ಆದರೆ ತುಂಬಿದ ಬ್ಯಾಟರಿ ಬರಿದಾಗಿದೆಯೆಂದು ಪರದೆ ಹೇಳುತ್ತಿತ್ತು. ಪಕ್ಕದಲ್ಲೇ ಮಾತಾಡಿದರೂ ಸೆಟ್ಟು ಕೇಳಿಸುತ್ತಿರಲಿಲ್ಲ. ಚಾನೆಲ್ಲುಗಳ ಪಟ್ಟಿ ಕಲಸುಮೇಲೋಗರವಾಗಿತ್ತು.

ಕಾರಣವನ್ನು ಅಡಿಗೆಮನೆಯ ಮಾತಿನಲ್ಲಿ ಹೇಳುವುದಾದರೆ ಹೀಗೆ: ಡಬ್ಬಿಗಳು ಹಳೆಯವೇ, ಅಡಿಗೆಯವರು ಹೊಸಬರು. ಹಳಬರು ಸಕ್ಕರೆ ಇಟ್ಟಿದ್ದ ಡಬ್ಬಿಯನ್ನು ಹೊಸಬರು ಉಪ್ಪಿನದೆಂದು ತಿಳಿದು ಸಾರಿಗೆ ಹಾಕಿದರೆ ಏನಾದೀತು? ಸೆಟ್ಟಿನ ಒಂದು ಸಣ್ಣ ನೆನಪಿನ ಕೋಶದಲ್ಲಿ ಚಾನೆಲ್ಲುಗಳಿರುತ್ತವೆ. ಅದೇ ಸೆಟ್ಟಿಗೆಂದು ತಯಾರಿಕೆಯಲ್ಲಿ ಅಳೆದು ಬರೆದ ಹೊಂದಾಣಿಕೆಯ ಅಂಕಿಗಳೂ ಇರುತ್ತವೆ. ಬ್ಯಾಟರಿಯ ಅಳತೆ, ಕ್ಷೀಣ ಸದ್ದನ್ನು ಎಲ್ಲಿ ತಡೆಯಬೇಕೆಂಬ ಮಿತಿ, ಪ್ರಸಾರದ ಬಲ, ಎಲ್ಲಕ್ಕೂ ಆ ಅಂಕಿಗಳೇ ಆಧಾರ. ಹೊಸ ಫರ್ಮ್‌ವೇರ್ ಅವನ್ನು ಬೇರೆ ಕ್ರಮದಲ್ಲಿ ಓದಿದರೆ ಎಲ್ಲವೂ ತಲೆಕೆಳಗು.

ಬದಲಾಯಿಸುವ ಮೊದಲು ನಕಲು ಇಟ್ಟಿದ್ದೆಯಾ ಎಂದು ಕೇಳಿದರೆ ಹುಡುಗ ನೆಲ ನೋಡಿದ. ಆ ರಾತ್ರಿ ಗೆಳೆಯನ ಸೆಟ್ಟಿನಿಂದ ಅಂಕಿಗಳನ್ನು ಎರವಲು ತಂದು ತುಂಬಿದ. ಸೆಟ್ಟು ಕೇಳಿಸತೊಡಗಿತು! ಉತ್ಸಾಹದಿಂದ ಮಾತಿನ ಗುಂಡಿಗೆ ಬೆರಳಿಟ್ಟಾಗ ದೊಡ್ಡಪ್ಪನವರು ಅವನ ಕೈ ಹಿಡಿದರು.

“ಪರದೆಯ ಮೇಲೆ ಎಷ್ಟಿದೆ ಓದು.”

ಕಲಸಿಹೋದ ಪಟ್ಟಿಯ ಆ ಸಾಲಿನಲ್ಲಿ ಇದ್ದದ್ದು 125ರ ಆಸುಪಾಸಿನ ಅಂಕಿ. ನಮ್ಮ ದೇಶದಲ್ಲಿ ಹ್ಯಾಮ್‌ಗಳು ಇಂಥ ಕೈಸೆಟ್ಟುಗಳಲ್ಲಿ ಮಾತಾಡುವುದು 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಸ್ ಒಳಗೆ. 118ರಿಂದ 137 ಮೆಗಾಹರ್ಟ್ಸ್ ವಿಮಾನಗಳ ಮಾತಿನ ದಾರಿ. ಹೊಸ ಫರ್ಮ್‌ವೇರಿನಲ್ಲಿ ಪ್ರಸಾರದ ಬೇಲಿ ತೆರೆದೇ ಇತ್ತು. ಗುಂಡಿ ಒತ್ತಿದ್ದರೆ, ಹೊರಗೆ ವಿಮಾನ ಹಾರುತ್ತಿರುವ ಊರಿನಲ್ಲಿ, ಪೈಲಟ್ಟಿನ ಕಿವಿಗೆ ನಮ್ಮ ಮನೆಯ ಗದ್ದಲ ಹೋಗಬಹುದಿತ್ತು. ಹುಡುಗನ ಮುಖ ಬಿಳಚಿತು. ನಮಗೂ ಎದೆ ಝಲ್ಲೆಂದಿತು.

ಎರವಲು ಅಂಕಿಗಳೂ ಸರಿಯಿರಲಿಲ್ಲ. ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಹೊಂದುವುದೆ? ಕೊನೆಗೆ ಕಾಪಾಡಿದವಳು ಹುಬ್ಬಳ್ಳಿಯಲ್ಲಿ ಓದುತ್ತಿರುವ ಅಕ್ಕ. ಸೆಟ್ಟು ಕೊಂಡ ದಿನವೇ ಅದರ ನೆನಪಿನ ಕೋಶವನ್ನೆಲ್ಲ ನಕಲು ಮಾಡಿ ತನ್ನ ಕಂಪ್ಯೂಟರಿನಲ್ಲಿ ಇಟ್ಟಿದ್ದಳು. “ನಾನು ಇಟ್ಟಿದ್ದೀನಿ ಅಂತ ಆಗಲೇ ಹೇಳಿದ್ದೆನಲ್ಲೋ!” ಎಂದು ಫೋನಿನಲ್ಲಿ ನಕ್ಕು ಕಳಿಸಿಕೊಟ್ಟಳು.

ಶನಿವಾರ ಕೆಲಸ ಕ್ರಮದಲ್ಲಿ ನಡೆಯಿತು. ಹೊಸ ಫರ್ಮ್‌ವೇರಿನಲ್ಲಿ ಸೆಟ್ಟನ್ನು ಪೂರ್ತಿ ರೀಸೆಟ್ ಮಾಡಿ, ಅಕ್ಕ ಕಳಿಸಿದ್ದರಲ್ಲಿ ಹೊಂದಾಣಿಕೆಯ ಅಂಕಿಗಳನ್ನಷ್ಟೇ ತುಂಬಿದೆವು. ಚಾನೆಲ್ಲುಗಳನ್ನು ಹಳೆಯ ಪಟ್ಟಿಯಿಂದ ಸುರಿಯದೆ ಒಂದೊಂದಾಗಿ ಕೈಯಿಂದ ಬರೆದೆವು. ಪ್ರಸಾರವನ್ನು ಹ್ಯಾಮ್ ಮಿತಿಯೊಳಗೆ ಬಿಗಿದೆವು. ಆಮೇಲೆ ಆಂಟೆನಾ ತೆಗೆದು, ತರಂಗವನ್ನು ಆಕಾಶಕ್ಕೆ ಬಿಡದೆ ಶಾಖವಾಗಿ ನುಂಗುವ ಡಮ್ಮಿ ಲೋಡನ್ನು ಸಿಕ್ಕಿಸಿ, ಕಡಿಮೆ ಬಲದಲ್ಲಿ ಮಾತಾಡಿ, ದೊಡ್ಡಪ್ಪನವರ ಸೆಟ್ಟಿನಲ್ಲಿ ಕೇಳಿದೆವು. ಧ್ವನಿ ತಿಳಿಯಾಗಿತ್ತು. ಮಿತಿಯ ಆಚೆ ಗುಂಡಿ ಒತ್ತಿದರೆ ಸೆಟ್ಟು ಮಾತಾಡಲೊಲ್ಲದು. ಅದನ್ನೂ ಡಮ್ಮಿ ಲೋಡಿನ ಮೇಲೆಯೇ ಪರೀಕ್ಷಿಸಿದೆವು. ಸೆಟ್ಟು ಕೇಳುವುದಷ್ಟೇ ರಿಪೇರಿಯಲ್ಲ, ಮಾತಾಡಬಾರದ ಕಡೆ ಸುಮ್ಮನಿರುವುದೂ ರಿಪೇರಿಯೇ ಎಂದರು ದೊಡ್ಡಪ್ಪನವರು.

ಮನೆಯಲ್ಲಿ ಇಂಥ ಸೆಟ್ಟುಳ್ಳ ವಾಚಕರಿಗೆ ನಮ್ಮದೊಂದು ವಿನಂತಿ. ಫರ್ಮ್‌ವೇರ್ ಮುಟ್ಟುವ ಮೊದಲು ಆ ಸೆಟ್ಟಿನದೇ ನಕಲು ಇಟ್ಟುಕೊಳ್ಳಿ. ಅದರ ಮೇಲೆ ದಿನಾಂಕವನ್ನೂ ಸೆಟ್ಟಿನ ಸಂಖ್ಯೆಯನ್ನೂ ಬರೆಯಿರಿ. ಮಾದರಿ ಬೇರೆಯಾದರೆ ಗುಂಡಿಯೂ ಬೇರೆ, ವಿಧಾನವೂ ಬೇರೆ. ಮಾರನೆಯ ದಿನ ಪಯಣವಿದ್ದರೆ ಹಿಂದಿನ ದಿನ ಮುಟ್ಟಲೇಬೇಡಿ.

ಭಾನುವಾರ ಹನ್ನೊಂದು ಗಂಟೆಗೆ ತಾರಸಿಯ ಮೇಲೆ ಹುಡುಗನ ಧ್ವನಿ ಕೇಳಿಸಿತು. ಕೋಟೆಯ ಮೇಲೆ ಮಂಜು, ಎಲ್ಲರೂ ಕ್ಷೇಮ, ಹಸಿವಾಗಿದೆ. ದೊಡ್ಡಮ್ಮ ಒಲೆಯ ಮೇಲೆ ಬಿಸಿಬೇಳೆ ಭಾತಿಗೆ ಇಟ್ಟರು.