ವಳಸಂಗದ ಕನ್ನಡ ಮಕ್ಕಳೂ ಕಾಲೇಜಿನ ಇಂಗ್ಲಿಷ್ ಪರೀಕ್ಷೆಯೂ

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿರುವ ವಳಸಂಗವು, 1956ರ ರಾಜ್ಯಪುನರ್ವಿಂಗಡಣೆಯಲ್ಲಿ ಅಂದಿನ ಮುಂಬಯಿ ರಾಜ್ಯದಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಅಂಗವಾಯಿತಾದರೂ, ಆ ಸೀಮೆಯ ಮನೆಮಾತು ಕನ್ನಡವಾಗಿಯೇ ನಿಂತಿದೆ. ಮನೆಯಲ್ಲಿ ಕನ್ನಡವನ್ನಾಡಿ, ಕಚೇರಿಯಲ್ಲಿ ಮರಾಠಿಯಿಂದ ವ್ಯವಹರಿಸಿ, ಪುಣೆಯ ಬಾಲಭಾರತಿಯು ಕನ್ನಡದಲ್ಲಿ ಅಚ್ಚುಮಾಡುವ ಪುಸ್ತಕಗಳನ್ನೋದಿ ಹತ್ತನೆಯ ತರಗತಿಯನ್ನು ದಾಟಿದ ವಿದ್ಯಾರ್ಥಿಯು ಸೊಲ್ಲಾಪುರದ ಕಾಲೇಜನ್ನು ಸೇರಿದೊಡನೆ, ಅಲ್ಲಿಯವರೆಗೆ ಒಂದು ವಿಷಯಮಾತ್ರವಾಗಿದ್ದ ಇಂಗ್ಲಿಷು ವಿಜ್ಞಾನಾದಿ ವಿಷಯಗಳ ಬೋಧನೆಯ ಮಾಧ್ಯಮವೂ ಆಗಿ ಅವನೆದುರು ನಿಲ್ಲುತ್ತದೆ. ಹನ್ನೆರಡನೆಯ ತರಗತಿಯ ಮಂಡಳಿಯ ಪರೀಕ್ಷೆಯಲ್ಲಂತೂ ಕಲೆ, ವಾಣಿಜ್ಯ, ವಿಜ್ಞಾನವೆಂಬ ಭೇದವಿಲ್ಲದೆ ಅದು ಎಲ್ಲರಿಗೂ ಕಡ್ಡಾಯ.

ಆ ಪರೀಕ್ಷೆಯ 100 ಅಂಕಗಳಲ್ಲಿ 80 ಲಿಖಿತಕ್ಕೂ, ಮಿಕ್ಕ 20 ಮೌಖಿಕ ಮತ್ತು ಆಂತರಿಕ ಪರೀಕ್ಷಣಕ್ಕೂ ಮೀಸಲು. ಲಿಖಿತದಲ್ಲಿ ಗದ್ಯಕ್ಕೆ 34, ಪದ್ಯಕ್ಕೆ 14, ಲೇಖನಕೌಶಲಕ್ಕೆ 16, ಕಾದಂಬರಿಗೆ 16. ಗದ್ಯದ ಪಾಲಿನಲ್ಲಿ ಪಠ್ಯಪುಸ್ತಕದಲ್ಲಿಲ್ಲದ ಭಾಗವೊಂದನ್ನು ಕೊಟ್ಟು ಪ್ರಶ್ನಿಸುವುದುಂಟು; ಆದ್ದರಿಂದ ಗೈಡಿನ ಉತ್ತರಗಳನ್ನು ಬಾಯಿಪಾಠಮಾಡಿ ಗೆಲ್ಲುವೆನೆಂಬ ಭರವಸೆಯು, ಹಿಂದೆಂದೂ ಕಾಣದ ಆ ಪುಟದೆದುರು ಕುಸಿದುಬೀಳುತ್ತದೆ.

ಈ ಸೀಮೆಯ ವಿದ್ಯಾರ್ಥಿಯ ತೊಡಕಿನ ಮೂಲವು ಅವನ ಬುದ್ಧಿಯಲ್ಲಿಲ್ಲ, ವಾಕ್ಯದ ಕಟ್ಟಿನಲ್ಲಿದೆ. ಕನ್ನಡವು ದ್ರಾವಿಡ, ಮರಾಠಿಯು ಆರ್ಯಮೂಲದ್ದು. ಆದರೂ ಎರಡರಲ್ಲಿಯೂ ಕ್ರಿಯಾಪದವು ವಾಕ್ಯದ ಕೊನೆಗೇ ಬರುತ್ತದೆ, ನಾಮಪದಕ್ಕೆ ಸಂಬಂಧವನ್ನು ತಿಳಿಸುವ ಪ್ರತ್ಯಯವೂ ಅದರ ಅನಂತರವೇ ಸೇರುತ್ತದೆ. ಇಂಗ್ಲಿಷಿನಲ್ಲಾದರೋ ಕರ್ತೃವಿನ ಬೆನ್ನಿಗೇ ಕ್ರಿಯೆ, ಸಂಬಂಧಸೂಚಕ ಪದವು ನಾಮಪದಕ್ಕಿಂತ ಮುಂಚೆ. ಕೊನೆಯ ಪದಕ್ಕಾಗಿ ಕಾದು ಅರ್ಥವನ್ನು ಹಿಡಿಯುವ ಅಭ್ಯಾಸವುಳ್ಳವನು ಆ ಕೊನೆಯನ್ನು ತಲುಪುವಷ್ಟರಲ್ಲಿ ಮೊದಲಿನದನ್ನು ಕಳೆದುಕೊಂಡಿರುತ್ತಾನೆ. ಪ್ರತಿಯೊಂದು ದೀರ್ಘವಾಕ್ಯದಲ್ಲಿಯೂ ಮೊದಲು ಕರ್ತೃವನ್ನೂ ಕ್ರಿಯೆಯನ್ನೂ ಗುರುತಿಸಿ, ಅನಂತರ ಉಳಿದ ಪದಗಳನ್ನು ಅವಕ್ಕೆ ಜೋಡಿಸಿಕೊಂಡು ಗಟ್ಟಿಯಾಗಿ ಓದುವ ರೂಢಿಯನ್ನು ನಿತ್ಯವೂ ಬೆಳೆಸಿಕೊಂಡಲ್ಲಿ ಈ ತೊಡಕು ಬಹುಮಟ್ಟಿಗೆ ಸಡಿಲಾಗುವುದು.

ಕಾದಂಬರಿಯ ವಿಭಾಗದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ ಮಾಡುವ ಜೂಲ್ಸ್ ವರ್ನನ ಕಥೆಯೂ, ಷರ್ಲಾಕ್ ಹೋಮ್ಸನ ಪತ್ತೇದಾರಿಯೂ ಪಠ್ಯದಲ್ಲಿ ಸೇರಿವೆ. ಇಂಥ ಕಥೆಯನ್ನು ವಿದ್ಯಾರ್ಥಿಯು ಮೊದಲು ತಂಗಿಗೋ ಅಜ್ಜಿಗೋ ಕನ್ನಡದಲ್ಲಿ ಹೇಳಿ, ಕಥೆಯ ಎಳೆಯು ಮನಸ್ಸಿನಲ್ಲಿ ನೆಲೆಗೊಂಡ ಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದರೆ, ಆ ಬರವಣಿಗೆಯು ತಪ್ಪುಗಳಿಂದ ಕೂಡಿದ್ದರೂ ಅವನ ಸ್ವಂತದ್ದಾಗಿರುತ್ತದೆ. ತಪ್ಪನ್ನು ಗುರುಗಳು ತಿದ್ದಬಲ್ಲರು; ಬರೆಯದಿದ್ದುದನ್ನು ತಿದ್ದುವುದೆಂತು? ಮೌಖಿಕಕ್ಕೂ ಇದೇ ಅಭ್ಯಾಸವು ಒದಗುತ್ತದೆ. ಇಬ್ಬರು ಗೆಳೆಯರು ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗುವಾಗ ಹಿಂದಿನ ದಿನದ ಪಾಠವನ್ನು ಇಂಗ್ಲಿಷಿನಲ್ಲಿ ಚರ್ಚಿಸಿದರೆ ಅದಕ್ಕೆ ಬೇರೆ ಟ್ಯೂಷನ್ನಿನ ಅಗತ್ಯವಿರಲಾರದು.

ಭಾಷೆಯೊಂದನ್ನು ತಡವಾಗಿ ಕಲಿತವರು ಹಿಂದುಳಿಯುವುದು ನಿಶ್ಚಿತವೆಂದು ನಂಬುವವರು, ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರನ್ನು ನೆನೆಯಬೇಕು. ಮರಾಠಿಯಲ್ಲಿ ಶಾಲಾಶಿಕ್ಷಣವನ್ನು ಪಡೆದ ಆ ತಾಯಿ, ಕನ್ನಡವನ್ನು ಸ್ವಪ್ರಯತ್ನದಿಂದ ಸಾಧಿಸಿ, ಶಿವಶರಣ ಸಿದ್ಧರಾಮನನ್ನು ಕುರಿತು ಪುರಾಣವನ್ನೇ ರಚಿಸಿ, 1974ರಲ್ಲಿ ಮಂಡ್ಯದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನದ ಮೊದಲ ಮಹಿಳಾಧ್ಯಕ್ಷರಾದರು. ಒಂದು ಭಾಷೆಯಲ್ಲಿ ವಿಚಾರಮಾಡಲು ಬಲ್ಲವರಿಗೆ ಇನ್ನೊಂದು ಭಾಷೆಯು ಅಗಮ್ಯವಲ್ಲ.

ಆದಕಾರಣ ವಳಸಂಗ ಅಕ್ಕಲಕೋಟೆಗಳ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಇಂಗ್ಲಿಷಿನ ಭಯದಿಂದ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಬೇಡಿರಿ. ಆ ಶಾಲೆಯಲ್ಲಿರುವಾಗಲೇ ಅವರಿಂದ ದಿನಕ್ಕೆ ಒಂದು ಪುಟವನ್ನು ಇಂಗ್ಲಿಷಿನಲ್ಲಿ ಓದಿಸಿ, ಐದು ವಾಕ್ಯಗಳನ್ನು ಬರೆಯಿಸಿರಿ. ಕಾಲೇಜಿನ ಅಧ್ಯಾಪಕರೂ ಮೊದಲ ವರ್ಷದಲ್ಲಿ ವಿದ್ಯಾರ್ಥಿಯು ತನ್ನ ಸಂದೇಹವನ್ನು ಕನ್ನಡದಲ್ಲಿ ಕೇಳಲು ಎಡೆಗೊಡಲಿ.