ಎಐ ಸಲಹಾ ಉದ್ಯಮ: ಕ್ಷೇತ್ರ ಆಯ್ಕೆಗೆ ಕಾರ್ಖಾನೆಯ ಲೆಕ್ಕ

ಗ್ರೇಟರ್ ನೋಯ್ಡಾ: ರಾಜಧಾನಿ ವಲಯದ ಕಂಪೆನಿಗಳಲ್ಲಿ ಹದಿನೈದು-ಇಪ್ಪತ್ತು ವರ್ಷ ದುಡಿದ ಕನ್ನಡಿಗ ಇಂಜಿನಿಯರುಗಳಿಗೆ, ನೌಕರಿ ಬಿಟ್ಟು ಕೃತಕ ಬುದ್ಧಿಮತ್ತೆಯ ಸಲಹಾ ಸಂಸ್ಥೆ ತೆರೆಯೋಣವೇ ಎಂಬ ಯೋಚನೆ ಬಂದರೆ ಅಚ್ಚರಿಯಿಲ್ಲ. ಆದರೆ ಫ್ಲ್ಯಾಟಿನ ಕಂತು, ಮಕ್ಕಳ ಶಾಲಾ ಶುಲ್ಕ ತಿಂಗಳು ತಪ್ಪದೆ ಬರುತ್ತವೆ. ಗಿರಾಕಿ ಹಾಗೆ ಬರುವುದಿಲ್ಲ. 'ಎಲ್ಲರಿಗೂ ಎಐ ಮಾಡಿಕೊಡಲಾಗುವುದು' ಎಂದು ಫಲಕ ಹಾಕಿದರೆ ದೊಡ್ಡ ದೊಡ್ಡ ಐಟಿ ಕಂಪೆನಿಗಳ ಜತೆ ನೇರ ಪೈಪೋಟಿಗೆ ಇಳಿದಂತೆಯೇ ಸರಿ.

ಒಂದು ಕ್ಷೇತ್ರವನ್ನೇ ಹಿಡಿದು ಬೆಳೆಯುವುದು ಹೊರನಾಡ ಕನ್ನಡಿಗರಿಗೆ ಹೊಸದೇನಲ್ಲ. 1942ರಲ್ಲಿ ಮುಂಬಯಿಯ ಮಾಟುಂಗದಲ್ಲಿ ಎ. ರಾಮ ನಾಯಕ್ ಅವರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದಾಗ ಊರಿಗೆಲ್ಲ ಬಗೆಬಗೆಯ ಅಡುಗೆ ಬಡಿಸಲು ಹೊರಡಲಿಲ್ಲ. ದಕ್ಷಿಣದವರು ನೆಲೆಸಿದ ಬಡಾವಣೆಯಲ್ಲಿ ಬಾಳೆಎಲೆಯ ಸಸ್ಯಾಹಾರಿ ಊಟ, ಅಷ್ಟೇ.

ಗ್ರೇಟರ್ ನೋಯ್ಡಾದಲ್ಲಿ ಅಂಥ ಅವಕಾಶ ಹುಡುಕುವವರು ಮೊದಲು ನೋಡಬೇಕಾದ್ದು ಕಾರ್ಖಾನೆಗಳ ಕಡೆಗೆ. 1991ರಲ್ಲಿ ಪ್ರಾಧಿಕಾರ ರಚನೆಯಾದ ಈ ನಗರದಲ್ಲಿ ಎಲ್‌ಜಿ, ಯಮಾಹಾ, ನ್ಯೂ ಹಾಲೆಂಡ್ ಟ್ರ್ಯಾಕ್ಟರ್ ಘಟಕಗಳಿವೆ. ಅವುಗಳ ಬೆನ್ನಿಗೆ ಬಿಡಿಭಾಗ ಮಾಡುವ ಸಣ್ಣ ಉದ್ಯಮಗಳಿವೆ. ಮೋಲ್ಡಿಂಗ್ ಯಂತ್ರದ ಬಳಿ ವರ್ಷಗಟ್ಟಲೆ ನಿಂತವರಿಗೆ ಯಾವ ಗೀರು ನಡೆಯುತ್ತದೆ, ಯಾವ ಗೀರು ಇಡೀ ಲೋಡನ್ನೇ ವಾಪಸು ತರುತ್ತದೆ ಎಂಬುದು ಗೊತ್ತು. ಎಐ ಕಲಿಯಬಹುದು, ಈ ತಿಳಿವಳಿಕೆ ಕೋರ್ಸಿನಲ್ಲಿ ಸಿಗದು.

ಉದಾಹರಣೆಗೆ, ದಿನಕ್ಕೆ 10,000 ಬಿಡಿಭಾಗ ತಯಾರಿಸುವ ಘಟಕದಲ್ಲಿ ಶೇ. 2ರಷ್ಟು ತಿರಸ್ಕೃತವಾಗುತ್ತವೆ ಎನ್ನೋಣ. ಅಂದರೆ 200. ಒಂದಕ್ಕೆ 40 ರೂ. ನಷ್ಟವಾದರೆ ದಿನಕ್ಕೆ 8,000 ರೂ., 25 ದಿನಕ್ಕೆ 2 ಲಕ್ಷ ರೂ. ಕ್ಯಾಮೆರಾ ಮತ್ತು ಎಐ ಮೂಲಕ ದೋಷ ಶುರುವಾದ ಕೂಡಲೇ ಹಿಡಿದು, ಅಚ್ಚು ಸರಿಪಡಿಸಿ, ನಷ್ಟವನ್ನು ಅರ್ಧಕ್ಕಿಳಿಸಿದರೆ ಮಾಲೀಕರಿಗೆ ತಿಂಗಳಿಗೆ 1 ಲಕ್ಷ ರೂ. ಉಳಿತಾಯ. ಸಲಹೆಗಾರರ ಶುಲ್ಕವೂ ಕ್ಯಾಮೆರಾದ ಖರ್ಚೂ ಅದರೊಳಗೇ ಹೊಂದಬೇಕು.

ಇಲ್ಲೇ ಒಂದು ಮೋಸವೂ ಅಡಗಿದೆ. ಇದೇ ಘಟಕದಲ್ಲಿ ಎಲ್ಲ ಮಾಲನ್ನೂ ಕಣ್ಣುಮುಚ್ಚಿ 'ಪಾಸ್' ಮಾಡುವ ಯಂತ್ರದ ನಿಖರತೆಯೂ ಶೇ. 98! ಅಂಕಿ ಕಂಡು ಮರುಳಾದ ಮಾಲೀಕರ ಹಣ ಹೋಗುತ್ತದೆ, ಸಲಹೆಗಾರರ ಹೆಸರೂ ಹೋಗುತ್ತದೆ. ಕೆಟ್ಟ 200ರಲ್ಲಿ ಎಷ್ಟನ್ನು ಹಿಡಿಯಿತು, ಒಳ್ಳೆಯದನ್ನು ಎಷ್ಟು ಸಲ ತಪ್ಪಾಗಿ ತಳ್ಳಿತು ಎಂದು ಕೇಳಬಲ್ಲವರಿಗೇ ಈ ಕ್ಷೇತ್ರ.

ಕನ್ನಡ ನಾಡಿನಲ್ಲೇ ಮಾದರಿಯಿದೆ. ಸಂಶೋಧನಾ ಪ್ರಯೋಗಾಲಯಗಳಲ್ಲಿ ದುಡಿದಿದ್ದ ಡಾ. ಗೀತಾ ಮಂಜುನಾಥ್ ಅವರು 2016ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ 'ನಿರಾಮಯ್' ಸಂಸ್ಥೆ ಆರಿಸಿಕೊಂಡದ್ದು ಆರೋಗ್ಯ ಕ್ಷೇತ್ರವನ್ನೆಲ್ಲ ಅಲ್ಲ. ದೇಹದ ಉಷ್ಣಚಿತ್ರದಿಂದ ಸ್ತನ ಕ್ಯಾನ್ಸರಿನ ಸುಳಿವು ಹಿಡಿಯುವ ಒಂದೇ ಕೆಲಸವನ್ನು. ಅದು ಸಲಹಾ ಸಂಸ್ಥೆಯಲ್ಲ ನಿಜ, ಆದರೂ ಆಯ್ಕೆಯ ರೀತಿ ಗಮನಾರ್ಹ.

ಸುಲಭವಾಗಿ ಕಾಣುವ ಕ್ಷೇತ್ರ ಬೇಗ ಬತ್ತಲೂಬಹುದು. ಕಾಗದದ ಬಿಲ್ ಓದಿ ಕಂಪ್ಯೂಟರಿಗೆ ಏರಿಸುವ ಕೆಲಸವನ್ನೇ ನೋಡಿ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂ. ಮೀರಿದ ಉದ್ಯಮಗಳು ಪರಸ್ಪರ ವ್ಯಾಪಾರಕ್ಕೆ ಇ-ಇನ್‌ವಾಯ್ಸ್ ಮಾಡುವುದು ಕಡ್ಡಾಯವಾಯಿತು. ಅಲ್ಲಿಗೆ ಆ ಕೆಲಸದ ಒಂದು ಪಾಲು ಕಳಚಿತು.

ಕಾರ್ಖಾನೆಯ ದಾರಿ ಹಿಡಿಯುವವರು ಇನ್ನೊಂದನ್ನು ಗಮನಿಸಬೇಕು. ಬಿಡಿಭಾಗದ ವಿನ್ಯಾಸ ಹಲವು ಸಲ ದೊಡ್ಡ ಕಂಪೆನಿಯದು. ಅದರ ಫೋಟೊ ತೆಗೆದು ಯಂತ್ರಕ್ಕೆ ಕಲಿಸಲು ಸಣ್ಣ ಘಟಕದ ಮಾಲೀಕರ ಬಾಯಿಮಾತಿನ ಒಪ್ಪಿಗೆ ಸಾಲದೆ ಹೋಗಬಹುದು. ಕ್ಯಾಮೆರಾ ತರಿಸುವ ಮೊದಲೇ ಅದನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ಲೇಸು.