ಗಿಡಕ್ಕೂ ಉಂಟು ವಂಶಾವಳಿ, ಪ್ರಬಂಧಕ್ಕೂ ಉಂಟು

ಮಳೆಗಾಲ ಹಿಂದಾದ ಮೇಲೆ ವಸ್ತಾರೆ ಕಡೆಯ ಅರೇಬಿಕಾ ಕಾಫಿ ತೋಟವೊಂದಕ್ಕೆ ಹೋಗಿ ಒಂದು ಎಲೆಯನ್ನು ಮಗುಚಿ ನೋಡಿ. ಎಲೆ ತುಕ್ಕು ರೋಗ ತಗುಲಿದ್ದರೆ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣುತ್ತದೆ; ಒರೆಸಿದರೆ ಅರಿಸಿನದ ಹಾಗೆ ಬೆರಳಿಗೆ ಹತ್ತುತ್ತದೆ. ಅದು ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಬೀಜಕಣಗಳ ರಾಶಿ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಈ ರೋಗಕ್ಕೆ ಸೋತು ಅಲ್ಲಿನವರು ಕಾಫಿ ಕಿತ್ತು ಟೀ ನೆಟ್ಟರು. ನಮ್ಮಲ್ಲಿ ಅರೇಬಿಕಾ ಉಳಿಯಿತು. ಉಳಿಸಿದ ಕೆಲಸದ ದೊಡ್ಡ ಪಾಲು ನಡೆದದ್ದು ಬಾಳೆಹೊನ್ನೂರಿನಲ್ಲಿ, 1925ರಲ್ಲಿ ಆರಂಭವಾದ ಮೈಸೂರು ಕಾಫಿ ಪ್ರಯೋಗ ಕೇಂದ್ರದಲ್ಲಿ. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ.

ವಿಜ್ಞಾನಿಯ ಸಾಧನೆಯನ್ನು ಅಂಕಿಯಲ್ಲಿ ಅಳೆಯುವ ಮಾತು ಬಂದಾಗಲೆಲ್ಲ ನನಗೆ ಈ ಊರು ನೆನಪಾಗುತ್ತದೆ. ಎಷ್ಟು ಪ್ರಬಂಧ ಬರೆದಿದ್ದೀರಿ, ಅವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ಇಂದು ಎಲ್ಲೆಡೆ ಕೇಳುತ್ತಾರೆ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಉಲ್ಲೇಖಗಳ ಸೂಚಿಯನ್ನು ಹೊರತಂದಾಗ ಉದ್ದೇಶ ಬೇರೆ ಇತ್ತು: ಒಂದು ವಿಚಾರ ಯಾರಿಂದ ಯಾರಿಗೆ ಹರಿಯಿತೆಂದು ಹುಡುಕುವುದು. ಆಮೇಲೆ ಅದು ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಸೂಚ್ಯಂಕ ಸೂಚಿಸಿದರು. ಒಬ್ಬರ ಐದು ಪ್ರಬಂಧಗಳಿಗೆ ಕ್ರಮವಾಗಿ 40, 12, 6, 4, 2 ಉಲ್ಲೇಖ ಸಿಕ್ಕಿವೆ ಎನ್ನೋಣ. ಕನಿಷ್ಠ ನಾಲ್ಕು ಉಲ್ಲೇಖ ಪಡೆದವು ನಾಲ್ಕು ಇರುವುದರಿಂದ ಅವರ ಸೂಚ್ಯಂಕ 4. ಜೀವಮಾನದಲ್ಲಿ ಒಂದೇ ಪ್ರಬಂಧ ಬರೆದು ಸಾವಿರ ಉಲ್ಲೇಖ ಪಡೆದವರ ಸೂಚ್ಯಂಕ 1.

ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಇನ್ನೂ ಆತುರದ್ದು. ಹಿಂದಿನ ಎರಡು ವರ್ಷಗಳ ಪ್ರಬಂಧಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನಷ್ಟೇ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎರಡು ವರ್ಷದಲ್ಲಿ ಕಾಫಿ ಗಿಡ ಸರಿಯಾದ ಒಂದು ಫಸಲನ್ನೂ ಕೊಡುವುದಿಲ್ಲ. ಒಂದು ತಳಿಯನ್ನು ತಲೆಮಾರುಗಟ್ಟಲೆ ಬೆಳೆಸಿ, ಆರಿಸಿ, ತೋಟಕ್ಕೆ ಕೊಡುವ ಹೊತ್ತಿಗೆ ವಿಜ್ಞಾನಿಯ ಅರ್ಧ ವೃತ್ತಿಜೀವನವೇ ಮುಗಿದಿರುತ್ತದೆ.

ಬಾಳೆಹೊನ್ನೂರಿನ ವಿಜ್ಞಾನಿ ಡಬ್ಲ್ಯು. ವಿಲ್ಸನ್ ಮೇನ್ 1932ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟಿಸಿದರು. ತುಕ್ಕು ರೋಗಾಣು ಒಂದೇ ಬಗೆಯದಲ್ಲ, ಅದರಲ್ಲಿ ಬೇರೆ ಬೇರೆ ಒಳಬಗೆಗಳಿವೆ ಎಂಬುದು ಅದರ ಸಾರ. ಕೆಂಟ್ಸ್ ಎಂಬ ಅರೇಬಿಕಾ ತಳಿ ಮೊದಲು ತುಕ್ಕನ್ನು ತಡೆದು ಆಮೇಲೆ ಯಾಕೆ ಸೋತಿತು ಎಂಬುದಕ್ಕೆ ಅಲ್ಲಿ ಉತ್ತರವಿತ್ತು: ಬೇರೆ ಬೀಗದಕೈ ಹಿಡಿದ ಕಳ್ಳ ಬಂದಿದ್ದ. ಇಂದು ಜಗತ್ತಿನಲ್ಲಿ ಇಂಥ ಐವತ್ತು ಒಳಬಗೆಗಳನ್ನಾದರೂ ಗುರುತಿಸಿದ್ದಾರೆ. ಆ ಎಣಿಕೆ ಶುರುವಾದದ್ದು ಭದ್ರಾ ನದಿಯ ದಡದ ಇದೇ ಊರಿನಿಂದ.

ಅದೇ ಕೇಂದ್ರದಲ್ಲಿ ಕೆಂಟ್ಸ್ ಜೊತೆಗೆ ಎಸ್. 288 ಎಂಬ ತಳಿಯನ್ನು ಸಂಕರ ಮಾಡಿ, 1940ರ ದಶಕದಲ್ಲಿ ಎಸ್. 795 ತಳಿಯನ್ನು ತೋಟಗಳಿಗೆ ಕೊಟ್ಟರು. ಎಸ್. 288 ಬಂದದ್ದು ಎಸ್. 26ರಿಂದ, ಎಸ್. 26 ಅರೇಬಿಕಾ ಮತ್ತು ಲೈಬೀರಿಕಾ ಕಾಫಿಗಳು ತಾವಾಗಿಯೇ ಕೂಡಿ ಹುಟ್ಟಿದ ಗಿಡ. ಈ ವಂಶಾವಳಿಯನ್ನು ಓದುವಾಗ ಪ್ರಬಂಧದ ಕೊನೆಯ ಪುಟ ಓದಿದ ಹಾಗಾಗುತ್ತದೆ. ಯಾರ ಹೆಗಲ ಮೇಲೆ ಯಾರು ನಿಂತರೆಂಬುದು ಅಲ್ಲಿ ಬರೆದಿರುತ್ತದೆ.

ಆಣ್ವಿಕ ಜೀವವಿಜ್ಞಾನ ಇಲ್ಲಿಗೆ ತಡವಾಗಿ ಬಂತು. 2004ರಲ್ಲಿ ಬಾಳೆಹೊನ್ನೂರಿನ ಎನ್. ಎಸ್. ಪ್ರಕಾಶ್ ಮತ್ತು ಪೋರ್ಚುಗಲ್, ಫ್ರಾನ್ಸಿನ ಸಂಗಡಿಗರು ಎಸ್. 288 ಮತ್ತು ಮಟಾರಿ ತಳಿಯ ಸಂಕರದ ಮೊಮ್ಮಕ್ಕಳ ಡಿಎನ್‌ಎ ಪರೀಕ್ಷಿಸಿ, ಲೈಬೀರಿಕಾದಿಂದ ಬಂದ ಎಸ್‌ಎಚ್3 ಎಂಬ ತುಕ್ಕು ನಿರೋಧಕ ಜೀನಿನ ಪಕ್ಕದಲ್ಲೇ ಇರುವ 21 ಗುರುತುಗಳನ್ನು ತೋರಿಸಿದರು. ಗುರುತು ಅಂದರೆ ಮನೆಯ ಮುಂದಿನ ಮರ ಇದ್ದ ಹಾಗೆ: ಮನೆ ಕಾಣದಿದ್ದರೂ ಮರ ಕಂಡರೆ ಮನೆ ಅಲ್ಲೇ ಇದೆ ಎಂದು ತಿಳಿಯಬಹುದು. ಗಿಡಕ್ಕೆ ತುಕ್ಕು ಬರುವತನಕ ಕಾಯಬೇಕಿಲ್ಲ, ಸಸಿಯ ಎಲೆಯ ಒಂದು ಚೂರು ಸಾಕು. ಹೊಲದಲ್ಲಿ ಕಣ್ಣಿನಿಂದ ನೋಡಿ ಆರಿಸಿದ ಹಳಬರ ಕೆಲಸಕ್ಕೆ ಡಿಎನ್‌ಎ ಸಾಕ್ಷಿ ಹೇಳಿತು.

ಮತ್ತೆ ಉಲ್ಲೇಖಗಳ ಲೆಕ್ಕಕ್ಕೆ ಬರೋಣ. ಜೀವರಸಾಯನ ವಿಜ್ಞಾನಿ ಆಲಿವರ್ ಲೌರಿ 1951ರಲ್ಲಿ ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಬರೆದ ಪ್ರಬಂಧಕ್ಕೆ 2014ರ ವೇಳೆಗೆ 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳಿದ್ದವು. ಡಿಎನ್‌ಎಯ ಜೋಡಿ ಸುರುಳಿಯನ್ನು ತಿಳಿಸಿದ 1953ರ ಪ್ರಬಂಧ ಆಗ ಅತಿ ಹೆಚ್ಚು ಉಲ್ಲೇಖ ಪಡೆದ ಮೊದಲ ನೂರು ಪ್ರಬಂಧಗಳಲ್ಲಿ ಇರಲೇ ಇಲ್ಲ. ಎಲ್ಲರಿಗೂ ಗೊತ್ತಾದ ಸಂಗತಿಗೆ ಯಾರೂ ಮೂಲ ಬರೆಯುವುದಿಲ್ಲ. ಕಾಫಿ ತುಕ್ಕಿನ ಲೋಕವಂತೂ ಚಿಕ್ಕದು. ಅಲ್ಲಿ ಇನ್ನೂರು ಉಲ್ಲೇಖ ಬಂದರೆ ಕ್ಯಾನ್ಸರ್ ಸಂಶೋಧನೆಯ ಎರಡು ಸಾವಿರಕ್ಕೆ ಸಮವೆಂದೇ ನಾನು ತೂಗುತ್ತೇನೆ.

ಎಸ್. 795 ಕೂಡ ಈಗ ತುಕ್ಕಿಗೆ ಪೂರ್ತಿ ಅಂಜದ ಗಿಡವಲ್ಲ. ಮಳೆಗೆ ಮುಂಚೆ ತುಕ್ಕು ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲೇಬೇಕು. ಆದರೂ ಅದರ ರುಚಿಗಾಗಿ ಜನ ಬಿಟ್ಟಿಲ್ಲ. ನಮ್ಮ ಕಡೆ ಸಸಿಮಡಿಗೆ ಹಾಕಿದ ಬೀಜ ಮೊಳೆತು, ತಲೆಯ ಮೇಲೆ ಸಿಪ್ಪೆ ಹೊತ್ತು ಟೋಪಿ ಹಾಕಿದ ಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತದೆ. ಆಮೇಲೆ ಒಂದೊಂದನ್ನೇ ಎಬ್ಬಿಸಿ ಬುಟ್ಟಿಗೆ ಹಾಕುತ್ತಾರೆ. ಸಾಲಿನ ತುದಿಯ ಗೂಟಕ್ಕೆ ಕಟ್ಟಿದ ತಗಡಿನ ಚೂರಿನ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ: 795.